ಮುಚ್ಚಿದ ಟಾಕೀಸಿನ ಚರಿತ್ರೆಯನ್ನು ಬರೆದಿಡುವ ಬಗೆ

ಬೆಂಗಳೂರಿನ ಸಿಟಿ ಬಸ್ಸುಗಳಲ್ಲಿ ಇಂದಿಗೂ ಸಾವಿರಾರು ಜನ "ಒಂದು ಮೆಜೆಸ್ಟಿಕ್" ಎಂದು ಹೇಳಿ ಟಿಕೆಟ್ ಪಡೆಯುತ್ತಾರೆ. ನಿಲ್ದಾಣಕ್ಕೆ ಇಟ್ಟಿರುವುದು ಕೆಂಪೇಗೌಡರ ಹೆಸರು, ಅದು ನಿಂತಿರುವುದು ಧರ್ಮಾಂಬುಧಿ ಕೆರೆಯ ಅಂಗಳದಲ್ಲಿ; ಆದರೆ ಜನರ ಬಾಯಲ್ಲಿ ಉಳಿದದ್ದು ಹತ್ತಿರದಲ್ಲಿದ್ದ ಮೆಜೆಸ್ಟಿಕ್ ಎಂಬ ಚಿತ್ರಮಂದಿರದ ಹೆಸರು. ಆ ಚಿತ್ರಮಂದಿರ ಈಗಿಲ್ಲ. ಎಲ್ಲ ಚಿತ್ರಮಂದಿರಗಳಿಗೂ ಇಂತಹ ಭಾಗ್ಯ ಸಿಗುವುದಿಲ್ಲ. ತಾಲ್ಲೂಕು ಕೇಂದ್ರಗಳ ಟಾಕೀಸುಗಳಲ್ಲಿ ಕೆಲವು ಕಲ್ಯಾಣಮಂಟಪಗಳಾದವು, ಕೆಲವು ಗೊಬ್ಬರದ ಗೋದಾಮುಗಳಾದವು, ಇನ್ನು ಕೆಲವನ್ನು ಕೆಡವಿ ಅಂಗಡಿಸಾಲು ಕಟ್ಟಲಾಯಿತು. "ಟಾಕೀಸ್ ಹತ್ತಿರ ಇಳಿಸಿ" ಎನ್ನುವ ಮಾತು ಹತ್ತಿಪ್ಪತ್ತು ವರ್ಷ ಉಳಿಯುತ್ತದೆ. ಆಮೇಲೆ ಅದನ್ನು ಹೇಳುವವರೂ ಇರುವುದಿಲ್ಲ, ಕೇಳಿ ಅರ್ಥ ಮಾಡಿಕೊಳ್ಳುವವರೂ ಇರುವುದಿಲ್ಲ.

ತಮ್ಮ ಊರಿನ ಮುಚ್ಚಿಹೋದ ಚಿತ್ರಮಂದಿರದ ಚರಿತ್ರೆಯನ್ನು ಬರೆದಿಡಬೇಕೆಂಬ ಆಸೆಯಿದ್ದು, ಎಲ್ಲಿಂದ ಹಿಡಿಯಬೇಕೆಂದು ತಿಳಿಯದವರಿಗಾಗಿ ಈ ಬರಹ. ನಮ್ಮ ತಾಲ್ಲೂಕಿನ ಒಂದು ಟಾಕೀಸಿನ ವಿಷಯದಲ್ಲಿ ನಾನು ಈ ಕೆಲಸ ಮಾಡಿದ್ದೇನೆ. ಆರಂಭದಲ್ಲಿಯೇ ಒಂದು ದೊಡ್ಡ ತಪ್ಪನ್ನೂ ಮಾಡಿದೆ. ಚರಿತ್ರೆಯೆಂದರೆ ದಾಖಲೆ ಎಂದು ತಿಳಿದು ಮೊದಲು ಸರ್ಕಾರಿ ಕಡತಗಳ ಬೆನ್ನು ಹತ್ತಿ ಎಂಟು ತಿಂಗಳು ಓಡಾಡಿದೆ. ಪರವಾನಗಿಯ ಪ್ರತಿ ಕೈಗೆ ಬಂದ ಹೊತ್ತಿಗೆ, ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಅಲ್ಲಿ ಚಿತ್ರ ಓಡಿಸಿದ್ದ ಹಿರಿಯ ಆಪರೇಟರು ತೀರಿಕೊಂಡಿದ್ದರು. ಕಡತ ಇನ್ನೂ ಹತ್ತು ವರ್ಷ ಅಲ್ಲಿಯೇ ಬಿದ್ದಿರುತ್ತಿತ್ತು, ಆದರೆ ಆ ಹಿರಿಯರನ್ನು ಮತ್ತೆ ಕೇಳಲು ಸಾಧ್ಯವಿರಲಿಲ್ಲ. ಆದ್ದರಿಂದ ನಾನು ಒತ್ತಿ ಹೇಳುವುದು ಒಂದೇ ಮಾತು: ಮೊದಲು ಜನ, ಆಮೇಲೆ ಕಟ್ಟಡ, ಕೊನೆಗೆ ಕಾಗದ. ಯಾವುದು ಬೇಗ ಕಳೆದುಹೋಗುತ್ತದೆಯೋ ಅದನ್ನು ಮೊದಲು ಹಿಡಿದಿಡಬೇಕು.

ಯಾರನ್ನು ಹುಡುಕಬೇಕು

ಮಾಲೀಕರ ಮನೆತನದವರನ್ನು ಎಲ್ಲರೂ ಹುಡುಕುತ್ತಾರೆ, ಅವರು ಸುಲಭವಾಗಿ ಸಿಗುತ್ತಾರೆ ಕೂಡ. ಟಾಕೀಸಿನ ಒಳಗನ್ನು ಅವರಿಗಿಂತ ಚೆನ್ನಾಗಿ ಬಲ್ಲವರು ಬೇರೆಯವರು. ಆಪರೇಟರು, ಅವರ ಸಹಾಯಕ ಹುಡುಗ, ಗೇಟ್‌ಕೀಪರು, ಬುಕಿಂಗ್ ಕ್ಲರ್ಕು, ಕಸ ಗುಡಿಸುತ್ತಿದ್ದ ಹೆಂಗಸು, ಬೆಳಗಿನ ಜಾವ ಮೈದಾಹಿಟ್ಟಿನ ಅಂಟು ಹಿಡಿದು ಪೋಸ್ಟರ್ ಅಂಟಿಸುತ್ತಿದ್ದವರು, ಬಸ್ಸಿನಲ್ಲಿ ಬಂದ ರೀಲಿನ ಪೆಟ್ಟಿಗೆಯನ್ನು ಹೊತ್ತು ತರುತ್ತಿದ್ದವರು, ಜಟಕಾದಲ್ಲಿಯೂ ಆಮೇಲೆ ಆಟೋದಲ್ಲಿಯೂ ಮೈಕು ಹಿಡಿದು ಪ್ರಚಾರ ಮಾಡುತ್ತಿದ್ದವರು, ಸೈಕಲ್ ಸ್ಟ್ಯಾಂಡ್ ಗುತ್ತಿಗೆ ಹಿಡಿದಿದ್ದವರು, ಇಂಟರ್ವಲ್‌ನಲ್ಲಿ ಕಡಲೆಕಾಯಿ, ಗೋಲಿ ಸೋಡಾ ಮಾರುತ್ತಿದ್ದವರು, ಇವರೆಲ್ಲರೂ ಆ ಸಂಸ್ಥೆಯ ಭಾಗವಾಗಿದ್ದವರೇ. ಟಾಕೀಸಿನ ಎದುರಿನ ಟೀ ಅಂಗಡಿಯಲ್ಲಿ ಒಂದು ಬೆಳಗ್ಗೆ ಕುಳಿತು ವಿಚಾರಿಸಿದರೆ ಇವರಲ್ಲಿ ಅರ್ಧದಷ್ಟು ಜನರ ಗುರುತು ಸಿಗುತ್ತದೆ. ಉಳಿದವರನ್ನು ಮೊದಲು ಸಿಕ್ಕವರೇ ತೋರಿಸಿಕೊಡುತ್ತಾರೆ. ಹೆಸರುಗಳ ಪಟ್ಟಿ ಮಾಡಿ, ಎದುರಿಗೆ ವಯಸ್ಸನ್ನು ಬರೆದು, ಎಲ್ಲರಿಗಿಂತ ಹಿರಿಯರ ಮನೆಗೂ ಆರೋಗ್ಯ ಸರಿಯಿಲ್ಲದವರ ಮನೆಗೂ ಮೊದಲು ಹೋಗಬೇಕು.

ಹೋಗುವ ಮುನ್ನ ಅವರ ಕೆಲಸದ ಬಗ್ಗೆ ಸ್ವಲ್ಪವಾದರೂ ತಿಳಿದುಕೊಂಡಿರಬೇಕು. ಇಲ್ಲದಿದ್ದರೆ ಅವರು ಹೇಳಿದ್ದು ನಮಗೆ ಹತ್ತುವುದಿಲ್ಲ, ಹತ್ತುತ್ತಿಲ್ಲವೆಂದು ಗೊತ್ತಾದ ಕೂಡಲೇ ಅವರೂ ಮಾತನ್ನು ಮೊಟಕುಗೊಳಿಸುತ್ತಾರೆ. 35 ಎಂ.ಎಂ. ಫಿಲಂ ಸೆಕೆಂಡಿಗೆ 24 ಚೌಕಟ್ಟುಗಳಂತೆ, ಅಂದರೆ ನಿಮಿಷಕ್ಕೆ 90 ಅಡಿಯಂತೆ ಓಡುತ್ತಿತ್ತು. 2,000 ಅಡಿಯ ಒಂದು ಸ್ಪೂಲು, ಅಂದರೆ ಫಿಲಂ ಸುತ್ತಿದ ಉರುಳೆ, ಸುಮಾರು 22 ನಿಮಿಷಕ್ಕೆ ಮುಗಿಯುತ್ತಿತ್ತು. ಎರಡೂವರೆ ಗಂಟೆಯ ಚಿತ್ರವೆಂದರೆ ಹದಿಮೂರೂವರೆ ಸಾವಿರ ಅಡಿ, ಅಂತಹ ಏಳು ಸ್ಪೂಲುಗಳು. ಒಂದು ಯಂತ್ರದಲ್ಲಿ ಸ್ಪೂಲು ಮುಗಿಯುವುದರೊಳಗೆ ಎರಡನೆಯ ಯಂತ್ರವನ್ನು ಸಜ್ಜುಗೊಳಿಸಿ, ಪರದೆಯ ಬಲಮೂಲೆಯ ಮೇಲ್ಭಾಗದಲ್ಲಿ ಮಿಂಚಿ ಮಾಯವಾಗುವ ಸಣ್ಣ ಚುಕ್ಕೆಯನ್ನು ನೋಡಿ ಮೊದಲ ಬಾರಿಗೆ ಆ ಎರಡನೆಯ ಯಂತ್ರದ ಮೋಟಾರನ್ನು ಚಾಲೂ ಮಾಡಿ, ಎರಡನೆಯ ಬಾರಿಗೆ ಬೆಳಕನ್ನು ಅದಕ್ಕೆ ಬದಲಿಸಬೇಕಾಗಿತ್ತು. ಕ್ಸೆನಾನ್ ದೀಪ ಬರುವ ಮೊದಲು ಬೆಳಕಿಗೆ ಇದ್ದದ್ದು ಎರಡು ಕಾರ್ಬನ್ ಕಡ್ಡಿಗಳು. ಅವು ಉರಿದು ಸವೆಯುತ್ತಿದ್ದಂತೆ ನಡುವಿನ ಅಂತರವನ್ನು ಸರಿಪಡಿಸುತ್ತಲೇ ಇರಬೇಕಾಗಿತ್ತು, ಇಲ್ಲವಾದರೆ ಪರದೆ ಮಂಕಾಗಿ ಕೆಳಗಿನಿಂದ ಸಿಳ್ಳೆ ಕೇಳಿಬರುತ್ತಿತ್ತು. ಇಷ್ಟು ತಿಳಿದು ಹೋದವರ ಮುಂದೆ ಆಪರೇಟರು ಬೇರೆಯೇ ರೀತಿಯಲ್ಲಿ ಮಾತನಾಡುತ್ತಾರೆ.

ಕೇಳುವ ರೀತಿ

ಇಸವಿಯಿಂದ ಆರಂಭಿಸಬಾರದು. "ನೀವು ಯಾವ ವರ್ಷ ಕೆಲಸಕ್ಕೆ ಸೇರಿದಿರಿ?" ಎಂಬ ಪ್ರಶ್ನೆ ಪರೀಕ್ಷೆಯ ಪ್ರಶ್ನೆಯಂತೆ ಕೇಳಿಸುತ್ತದೆ. ಎರಡನೆಯ ಆಪರೇಟರಾಗಿದ್ದ ಹಿರಿಯರೊಬ್ಬರನ್ನು ನಾನು ಹೀಗೆಯೇ ಕೇಳಿದಾಗ ಅವರು, "ಇಸವಿಗಿಸವಿ ನಂಗೆ ನೆನಪಿಲ್ಲ ಸ್ವಾಮಿ, ವಯಸ್ಸಾಯ್ತು," ಎಂದು ಸುಮ್ಮನಾದರು. ಸ್ವಲ್ಪ ಹೊತ್ತು ಕಳೆದ ಮೇಲೆ, "ಯಜಮಾನ್ರೇ, ಕ್ಯಾಬಿನ್ ಬಾಗಿಲು ತೆಗೆದರೆ ಎಡಗಡೆ ಏನಿತ್ತು?" ಎಂದು ಕೇಳಿದೆ. ಅವರು ಕುಳಿತಲ್ಲಿಂದ ಎದ್ದರು. ಜಗಲಿಯ ಮೇಲೆ ನಿಂತು, "ಇಲ್ಲಿ ರಿವೈಂಡ್ ಟೇಬಲ್ಲು, ಇಲ್ಲಿ ಒಂದನೇ ಮಿಷಿನ್ನು, ಇದು ಎರಡನೇದು," ಎಂದು ಗಾಳಿಯಲ್ಲಿಯೇ ಜಾಗ ಗುರುತು ಮಾಡಿದರು. ಬಲಗೈಯಿಂದ ಇಲ್ಲದ ಹಿಡಿಯನ್ನು ಸುತ್ತುತ್ತಾ, ಎಡಗೈಯ ಹೆಬ್ಬೆರಳು ಮತ್ತು ತೋರುಬೆರಳ ನಡುವೆ ಫಿಲಂ ಹರಿದು ಹೋಗುವಂತೆ ಹಿಡಿದು, "ಹಲ್ಲು ಕಿತ್ತಿದ್ರೆ ಬೆರಳಿಗೆ ಗೊತ್ತಾಗೋದು, ಕಣ್ಣಲ್ಲಿ ನೋಡೋ ಕೆಲಸ ಇರ್ಲಿಲ್ಲ," ಎಂದರು. ಹಲ್ಲೆಂದರೆ ಫಿಲಂ ಅಂಚಿನ ತೂತುಗಳು. ಹೆಬ್ಬೆರಳ ಅಂಚಿನಲ್ಲಿ ಉದ್ದಕ್ಕೆ ಒಂದು ಬಿಳಿಯ ಗಾಯದ ಗೆರೆ ಇತ್ತು. ಅಂದು ಅವರು ಎರಡು ಗಂಟೆ ಮಾತನಾಡಿದರು. ಕೆಲಸಕ್ಕೆ ಸೇರಿದ ವರ್ಷವೂ ಕೊನೆಗೆ ತಾನಾಗಿಯೇ ಬಂತು: ಇಂದಿರಾ ಗಾಂಧಿಯವರ ಹತ್ಯೆಯಾದ ದಿನ ಆಟ ನಿಲ್ಲಿಸಿ ಬೀಗ ಹಾಕಿದಾಗ ಅವರಿಗೆ ಕೆಲಸ ಸಿಕ್ಕಿ ಮೂರು ತಿಂಗಳಾಗಿತ್ತಂತೆ.

ದೇಹಕ್ಕೆ ನೆನಪಿರುವುದನ್ನು ಮೊದಲು ಕೇಳಬೇಕೆಂಬುದು ಇದರಿಂದ ನಾನು ಕಲಿತ ಪಾಠ. ಗೇಟ್‌ಕೀಪರನ್ನು ಟಿಕೆಟ್ ಹರಿಯುವ ರೀತಿ ಕೇಳಿ, ಬುಕಿಂಗ್ ಕ್ಲರ್ಕನ್ನು ಕೌಂಟರಿನ ಕಿಂಡಿಯ ಅಳತೆ ಕೇಳಿ, ಪ್ರೇಕ್ಷಕರನ್ನು ಮನೆಯಿಂದ ಟಾಕೀಸಿಗೆ ನಡೆದು ಬಂದ ದಾರಿ ಕೇಳಿ. ದಾರಿಯನ್ನು ಹೇಳುತ್ತಾ ಹೋದವರು ಯಾರ ಜೊತೆ ಬಂದೆವು, ಎತ್ತಿನ ಗಾಡಿಯನ್ನು ಎಲ್ಲಿ ಬಿಟ್ಟೆವು, ಸೆಕೆಂಡ್ ಶೋ ಮುಗಿದ ಮೇಲೆ ಕತ್ತಲಲ್ಲಿ ಹೇಗೆ ಮರಳಿದೆವು ಎಂಬುದನ್ನೆಲ್ಲ ಹೇಳುತ್ತಾರೆ. ನೋಡಿದ ಚಿತ್ರದ ಹೆಸರಿಗಿಂತ ಇದು ಹೆಚ್ಚು ಬೆಲೆಯುಳ್ಳದ್ದು. ಚಿತ್ರಗಳ ಹೆಸರು ಪತ್ರಿಕೆಗಳಲ್ಲಿ ಸಿಗುತ್ತದೆ, ಈ ದಾರಿ ಬೇರೆಲ್ಲಿಯೂ ಸಿಗುವುದಿಲ್ಲ.

ಹೆಂಗಸರನ್ನು ಪ್ರತ್ಯೇಕವಾಗಿ ಮಾತನಾಡಿಸಬೇಕು, ಸಾಧ್ಯವಾದರೆ ಹೆಣ್ಣುಮಗಳೊಬ್ಬಳೇ ಹೋಗಿ ಮಾತನಾಡಿಸಬೇಕು. ಮನೆಯ ಗಂಡಸರು ಎದುರಿಗಿದ್ದರೆ "ನಾವೆಲ್ಲಿ ಹೋಗ್ತಿದ್ವಿ" ಎಂಬ ಒಂದೇ ಮಾತಿನಲ್ಲಿ ಸಂಗತಿ ಮುಗಿಯುತ್ತದೆ. ಹೆಂಗಸರ ಕೌಂಟರು ಬೇರೆ ಇತ್ತೇ, ಕೂರುವ ಜಾಗ ಬೇರೆ ಇತ್ತೇ, ಮ್ಯಾಟ್ನಿಗೆ ಬರಲು ಮನೆಯಲ್ಲಿ ಯಾರ ಒಪ್ಪಿಗೆ ಬೇಕಿತ್ತು, ಕೈಗೂಸನ್ನು ಎತ್ತಿಕೊಂಡು ಬಂದವರಿಗೆ ಹೊರಗೆ ಎದ್ದು ಹೋಗಲು ಅನುಕೂಲವಿತ್ತೇ ಎಂಬ ಪ್ರಶ್ನೆಗಳು ಇಲ್ಲಿ ಬರಬೇಕು. ಹಾಗೆಯೇ ಇನ್ನೊಂದು ಪ್ರಶ್ನೆಯನ್ನು ಸಂಕೋಚವಿದ್ದರೂ ಕೇಳಲೇಬೇಕು. ಟೆಂಟಿನ ನೆಲ, ಬೆಂಚು, ಕುರ್ಚಿ ಎಂಬ ವಿಂಗಡಣೆ ದುಡ್ಡಿನದ್ದು ಮಾತ್ರವಾಗಿತ್ತೇ, ಅಥವಾ ಯಾವ ಕೇರಿಯವರು ಎಲ್ಲಿ ಕೂರಬೇಕೆಂಬ ಬರೆಯದ ಕಟ್ಟಳೆಯೂ ಇತ್ತೇ? "ನಮ್ಮೂರಲ್ಲಿ ಹಾಗೇನೂ ಇರಲಿಲ್ಲ" ಎಂಬ ಮಾತನ್ನು ಕುರ್ಚಿಯಲ್ಲಿ ಕೂರುತ್ತಿದ್ದವರಿಂದ ಕೇಳಿ ಬರೆದು ಮುಗಿಸಬಾರದು. ನೆಲದಲ್ಲಿ ಕೂರುತ್ತಿದ್ದವರನ್ನೂ ಕೇಳಬೇಕು. ಕತ್ತಲಾದ ಮೇಲೆ ಎಲ್ಲರೂ ಒಂದೇ ಪರದೆ ನೋಡಿದರು ಎಂಬುದು ನಿಜವೇ, ಆದರೆ ಬೆಳಕು ಹತ್ತಿದಾಗ ಯಾರು ಎಲ್ಲಿದ್ದರು ಎಂಬುದೂ ಚರಿತ್ರೆಯ ಭಾಗವೇ.

ಮಾತನ್ನು ದಾಖಲಿಸಲು ಸಾಮಾನ್ಯ ಮೊಬೈಲ್ ಫೋನು ಸಾಕು. ಕರೆಗಳು ಬರದಂತೆ ಮಾಡಿ, ಫ್ಯಾನು ನಿಲ್ಲಿಸಿ, ಮಾತನಾಡುವವರಿಂದ ಒಂದು ಮೊಳ ದೂರದಲ್ಲಿ ಮಡಿಸಿದ ಟವೆಲ್ಲಿನ ಮೇಲೆ ಫೋನನ್ನು ಇಡಬೇಕು. ಆರಂಭದಲ್ಲಿಯೇ ದಿನಾಂಕ, ಊರು, ಇಬ್ಬರ ಹೆಸರು ಹೇಳಿ, "ಇದನ್ನು ಬರೆದು ಅಚ್ಚು ಹಾಕಿಸಬಹುದೇ, ನಿಮ್ಮ ಹೆಸರು ಹಾಕಬಹುದೇ?" ಎಂದು ಕೇಳಿ, ಅವರ ಉತ್ತರವೂ ಅದೇ ಧ್ವನಿಮುದ್ರಣದಲ್ಲಿ ಇರುವಂತೆ ನೋಡಿಕೊಳ್ಳಬೇಕು. ಬ್ಲ್ಯಾಕ್ ಟಿಕೆಟ್ ಮಾರಿದವರ, ಜಗಳವಾಡಿ ಪೊಲೀಸ್ ಠಾಣೆ ಹತ್ತಿದವರ ಕಥೆಗಳು ಬಂದೇ ಬರುತ್ತವೆ. ಅವರ ಮಕ್ಕಳು ಮೊಮ್ಮಕ್ಕಳು ಅದೇ ಊರಿನಲ್ಲಿ ಬಾಳುತ್ತಿರುವುದರಿಂದ ಸಂಗತಿಯನ್ನು ಉಳಿಸಿಕೊಂಡು ಹೆಸರನ್ನು ಬಿಡುವುದು ಸರಿ. ಮಾತನಾಡುತ್ತಿರುವವರು ತಪ್ಪು ಹೇಳುತ್ತಿದ್ದಾರೆಂದು ಅನ್ನಿಸಿದಾಗ ನಡುವೆ ತಿದ್ದಬಾರದು. ತಿದ್ದಿದರೆ ಆಮೇಲೆ ಅವರು ನಮ್ಮ ಮುಖ ನೋಡಿ ಉತ್ತರ ಹೇಳಲು ಶುರು ಮಾಡುತ್ತಾರೆ.

ಇಸವಿ ಹಿಡಿಯುವ ಕಷ್ಟ

ನೆನಪು ಇಸವಿಯನ್ನು ಇಟ್ಟುಕೊಳ್ಳುವುದಿಲ್ಲ, ಪಕ್ಕದಲ್ಲಿ ನಡೆದ ಇನ್ನೊಂದು ಸಂಗತಿಯನ್ನು ಇಟ್ಟುಕೊಂಡಿರುತ್ತದೆ. ಆದ್ದರಿಂದ ಎಲ್ಲರಿಗೂ ನೆನಪಿರುವ ಕೆಲವು ದಿನಗಳನ್ನು ಕೈಯಲ್ಲಿ ಇಟ್ಟುಕೊಂಡು ಹೋಗಬೇಕು. 1973ರ ನವೆಂಬರ್ 1ರಂದು ರಾಜ್ಯಕ್ಕೆ ಕರ್ನಾಟಕವೆಂದು ಹೆಸರಾದದ್ದು, 1975ರಿಂದ 77ರವರೆಗಿನ ತುರ್ತು ಪರಿಸ್ಥಿತಿ, 1982ರ ಗೋಕಾಕ್ ಚಳವಳಿ, ಇಂದಿರಾ ಗಾಂಧಿಯವರ ಹತ್ಯೆಯಾದ 1984ರ ಅಕ್ಟೋಬರ್ 31, ಡಾ. ರಾಜ್‌ಕುಮಾರ್ ಅವರ ಅಪಹರಣವಾದ 2000ದ ಜುಲೈ 30ರಿಂದ ನವೆಂಬರ್ 15ರವರೆಗಿನ 108 ದಿನಗಳು, ಅವರು ತೀರಿಕೊಂಡ 2006ರ ಏಪ್ರಿಲ್ 12, ಕೊರೊನಾ ಕಾರಣದಿಂದ ಚಿತ್ರಮಂದಿರಗಳು ಬಾಗಿಲು ಹಾಕಿದ 2020ರ ಮಾರ್ಚ್ ತಿಂಗಳು. "ಅದಕ್ಕಿಂತ ಮೊದಲೋ, ಆಮೇಲೋ?" ಎಂದು ಕೇಳುತ್ತಾ ಹೋದರೆ ಹೆಚ್ಚಿನ ಘಟನೆಗಳು ಒಂದೆರಡು ವರ್ಷಗಳ ಅಂತರದೊಳಗೆ ಬಂದು ನಿಲ್ಲುತ್ತವೆ. ಊರಿನ ಲೆಕ್ಕಗಳೂ ಇವೆ: ಕೆರೆ ಕೋಡಿ ಬಿದ್ದ ವರ್ಷ, ಬಸ್ ನಿಲ್ದಾಣ ಸ್ಥಳಾಂತರವಾದ ವರ್ಷ, ಮಗಳ ಮದುವೆ.

ಚಿತ್ರದ ಹೆಸರಿನಿಂದ ಇಸವಿ ಲೆಕ್ಕ ಹಾಕುವವರು ಬಹಳ ಎಚ್ಚರವಾಗಿರಬೇಕು. ಚಿತ್ರ ಬೆಂಗಳೂರಿನಲ್ಲಿ ಬಿಡುಗಡೆಯಾದ ದಿನಕ್ಕೂ ಅದರ ಪ್ರಿಂಟು ನಮ್ಮ ಊರಿಗೆ ಬಂದ ದಿನಕ್ಕೂ ತಿಂಗಳುಗಳ, ಕೆಲವೊಮ್ಮೆ ವರ್ಷಗಳ ಅಂತರವಿರುತ್ತಿತ್ತು. ದೊಡ್ಡ ಊರುಗಳಲ್ಲಿ ಓಡಿ ಗೀರುಬಿದ್ದ ಪ್ರಿಂಟೇ ಟೆಂಟಿಗೆ ಬರುತ್ತಿತ್ತು. 1972ರ ಬಂಗಾರದ ಮನುಷ್ಯ ಬೆಂಗಳೂರಿನ ಸ್ಟೇಟ್ಸ್ ಚಿತ್ರಮಂದಿರದಲ್ಲಿ ಎರಡು ವರ್ಷ ಓಡಿದ್ದು ಪ್ರಸಿದ್ಧವಾದ ಸಂಗತಿ; ಹಳ್ಳಿಯ ಹಿರಿಯರೊಬ್ಬರು ಅದನ್ನು ತಮ್ಮೂರ ಟಾಕೀಸಿನಲ್ಲಿ ನೋಡಿದೆನೆಂದರೆ ಅದು 1973 ಆಗಿರಬಹುದು, ಮರುಬಿಡುಗಡೆಯಲ್ಲಿ 1988 ಕೂಡ ಆಗಿರಬಹುದು. ಟಾಕೀಸಿನ ಉದ್ಘಾಟನೆಯ ಚಿತ್ರ ಇದೇ ಎಂದು ಇಬ್ಬರು ಎರಡು ಹೆಸರು ಹೇಳಿದರೆ ಎರಡನ್ನೂ ಬರೆದುಕೊಳ್ಳಬೇಕು. ಸೆನ್ಸಾರ್ ಪ್ರಮಾಣಪತ್ರದ ದಿನಾಂಕ ಇಲ್ಲಿ ಒಂದು ಮಟ್ಟಿಗೆ ನೆರವಾಗುತ್ತದೆ, ಏಕೆಂದರೆ ಅದಕ್ಕಿಂತ ಮೊದಲು ಆ ಚಿತ್ರ ಎಲ್ಲಿಯೂ ಓಡಿರಲಾರದು.

ಹೆಸರಿನ ಗೊಂದಲವೂ ಇದೆ. ಮೇಲೆ ಹೇಳಿದ ಸ್ಟೇಟ್ಸ್ ಮುಂದೆ ಭೂಮಿಕಾ ಆಯಿತು. ಊರಿನ ಟಾಕೀಸೂ ಮಾಲೀಕರು ಬದಲಾದಾಗ ಹೆಸರು ಬದಲಿಸಿರಬಹುದು, ಟೆಂಟಾಗಿದ್ದಾಗ ಒಂದು ಹೆಸರು, ಕಟ್ಟಡವಾದ ಮೇಲೆ ಇನ್ನೊಂದು ಹೆಸರು ಇದ್ದಿರಬಹುದು. ಎಲ್ಲ ಹೆಸರುಗಳನ್ನೂ ಒಂದು ಹಾಳೆಯಲ್ಲಿ ಮೊದಲೇ ಬರೆದಿಟ್ಟುಕೊಳ್ಳದಿದ್ದರೆ ಹಳೆಯ ಪತ್ರಿಕೆಗಳನ್ನು ತಿರುವುವಾಗ ಕಣ್ಣೆದುರಿನ ಜಾಹೀರಾತನ್ನೇ ದಾಟಿ ಹೋಗುತ್ತೇವೆ.

ಕಟ್ಟಡ ನಿಂತಿರುವಾಗಲೇ

ಕಟ್ಟಡ ಇನ್ನೂ ಉಳಿದಿದ್ದರೆ ನಾಳೆ ನೋಡೋಣ ಎನ್ನಬಾರದು. ಬೆಂಗಳೂರಿನ ಮಹಾತ್ಮ ಗಾಂಧಿ ರಸ್ತೆಯಲ್ಲಿ 1936ರಿಂದ ಇದ್ದ ಪ್ಲಾಜಾ ಚಿತ್ರಮಂದಿರದ ಜಾಗವನ್ನು ಇಂದು ಹುಡುಕುವವರಿಗೆ 2011ರ ಅಕ್ಟೋಬರ್ 20ರಂದು ಆರಂಭವಾದ ಮೆಟ್ರೊ ನಿಲ್ದಾಣ ಸಿಗುತ್ತದೆ. 1968ರಲ್ಲಿ ಮೊರಾರ್ಜಿ ದೇಸಾಯಿಯವರು ಉದ್ಘಾಟಿಸಿದ, ಸಿನೆರಾಮಾ ಎಂಬ ಬಹಳ ಅಗಲವಾದ ಬಾಗಿದ ಪರದೆಗೆ ಹೆಸರಾಗಿದ್ದ ಗಾಂಧಿನಗರದ ಕಪಾಲಿ 2017ರಲ್ಲಿ ಮುಚ್ಚಿದ ಮೇಲೆ ನೆಲಸಮವಾಯಿತು. ರಾಜಧಾನಿಯ ಪ್ರಸಿದ್ಧ ಚಿತ್ರಮಂದಿರಗಳ ಪಾಡೇ ಹೀಗಿರುವಾಗ ನಮ್ಮ ಊರಿನ ತಗಡಿನ ಮಾಡನ್ನು ಯಾರೂ ಕಾಯುವುದಿಲ್ಲ.

ಮಾಲೀಕರ ಅನುಮತಿಯನ್ನು ಬರವಣಿಗೆಯಲ್ಲಿ ಪಡೆದು, ಹಗಲಿನಲ್ಲಿ, ಕನಿಷ್ಠ ಇಬ್ಬರು ಜೊತೆಗೂಡಿ ಒಳಗೆ ಹೋಗಬೇಕು. ಬಾಲ್ಕನಿಯ ಮರದ ಹಲಗೆಗಳು ಶಿಥಿಲವಾಗಿರುತ್ತವೆ, ಕಲ್ನಾರಿನ ಶೀಟು ಒಡೆದು ಬಿದ್ದಿದ್ದರೆ ಅದರ ದೂಳು ಶ್ವಾಸಕೋಶಕ್ಕೆ ಕೆಟ್ಟದ್ದು, ಹಾವು ಬಾವಲಿಗಳ ವಿಷಯ ಹೇಳಬೇಕಾಗಿಲ್ಲ. ರಸ್ತೆಯಿಂದ ಕಾಣುವ ಮುಖವನ್ನು ಎಲ್ಲರೂ ಫೋಟೋ ತೆಗೆಯುತ್ತಾರೆ; ನಾವು ತೆಗೆಯಬೇಕಾದದ್ದು ಬುಕಿಂಗ್ ಕಿಂಡಿಯನ್ನು, ಅದರ ಮುಂದೆ ಜನ ನುಗ್ಗದಂತೆ ಹಾಕಿದ ಕಬ್ಬಿಣದ ಕಂಬಿಗಳು ಕೈತಾಗಿ ನುಣುಪಾಗಿರುವುದನ್ನು, ಬಾಗಿಲುಗಳ ಮೇಲೆ ಬರೆದ ಕ್ಲಾಸುಗಳ ಹೆಸರನ್ನು, ಕುರ್ಚಿಯ ಬೆನ್ನಿಗೆ ಹೊಡೆದ ಸಂಖ್ಯೆಯ ಬಿಲ್ಲೆಗಳನ್ನು, ದರಪಟ್ಟಿಯನ್ನು. ದರಪಟ್ಟಿಯ ಮೇಲೆ ಬಣ್ಣ ಬಳಿದು ಹೊಸ ದರ ಬರೆದಿದ್ದರೆ, ಟಾರ್ಚನ್ನು ಗೋಡೆಗೆ ಒರಗಿಸಿದಂತೆ ಓರೆಯಾಗಿ ಹಿಡಿದಾಗ ಕೆಳಗಿನ ಹಳೆಯ ಅಂಕಿಗಳು ಉಬ್ಬಿ ಕಾಣುವುದುಂಟು. ಪರದೆ ಉಳಿದಿದ್ದರೆ ಹತ್ತಿರ ಹೋಗಿ ನೋಡಬೇಕು: ಹಿಂದೆ ಇಟ್ಟ ಸ್ಪೀಕರುಗಳ ಸದ್ದು ಹೊರಬರಲೆಂದು ಅದರ ತುಂಬ ಸೂಜಿಮೊನೆಯಂತಹ ತೂತುಗಳಿರುತ್ತವೆ, ಹಿಂದಿನಿಂದ ಬೆಳಕು ಬಿಟ್ಟರೆ ಅದು ನಕ್ಷತ್ರಗಳಂತೆ ಮಿನುಗುತ್ತದೆ. ಕ್ಯಾಬಿನ್ನಿನ ಗೋಡೆಯಲ್ಲಿ ಬೆಳಕು ಹೊರಬೀಳುವ ಕಿಂಡಿಗಳ ಮೇಲೆ ಕಬ್ಬಿಣದ ಮುಚ್ಚಳಗಳಿದ್ದರೆ, ಅವು ಬೆಂಕಿ ಬಿದ್ದಾಗ ಸಭಾಂಗಣಕ್ಕೆ ಹರಡದಂತೆ ಮಾಡಿದ ಏರ್ಪಾಡು. ಟೇಪು ಹಿಡಿದು ಉದ್ದ ಅಗಲ ಅಳೆದು, ಒಂದು ಹಾಳೆಯಲ್ಲಿ ಒರಟಾದ ನಕ್ಷೆ ಬರೆದು, ಯಾವ ಫೋಟೋ ಎಲ್ಲಿ ನಿಂತು ತೆಗೆದದ್ದು ಎಂದು ಅದರಲ್ಲಿ ಸಂಖ್ಯೆ ಹಾಕಬೇಕು. ಆ ಕಟ್ಟಡ ಮೊದಲು ಬೇರೆ ಯಾವುದಾದರೂ ಆಗಿತ್ತೇ ಎಂದೂ ವಿಚಾರಿಸಬೇಕು, ಬೆಂಗಳೂರಿನ ಬಿ.ಆರ್.ವಿ. ಟಾಕೀಸಿನ ಹೆಸರಿನಲ್ಲಿಯೇ ಬ್ಯಾಂಗಲೂರ್ ರೈಫಲ್ ವಾಲಂಟಿಯರ್ಸ್ ಎಂಬ ಸೈನಿಕ ದಳ ಅಡಗಿ ಕುಳಿತಿದೆ.

ಕ್ಯಾಬಿನ್ನಿನಲ್ಲಿ ಹಳೆಯ ಫಿಲಂ ತುಂಡುಗಳು ಸಿಕ್ಕರೆ ಮನೆಗೆ ಒಯ್ಯಬಾರದು. 1950ರ ದಶಕದ ಆರಂಭದವರೆಗೆ ಬಳಕೆಯಲ್ಲಿದ್ದ ನೈಟ್ರೇಟ್ ಫಿಲಂ ಬಹಳ ಸುಲಭವಾಗಿ ಹೊತ್ತಿಕೊಳ್ಳುತ್ತದೆ, ಹೊತ್ತಿಕೊಂಡರೆ ನೀರಿಗೂ ಆರುವುದಿಲ್ಲ. ಆಮೇಲಿನ ಅಸಿಟೇಟ್ ಫಿಲಂ ಕೊಳೆಯತೊಡಗಿದಾಗ ವಿನೆಗರಿನ ಹುಳಿವಾಸನೆ ಬರುತ್ತದೆ. ಎರಡನ್ನೂ ಬಿಚ್ಚಲು ಹೋಗದೆ, 1964ರಲ್ಲಿ ಸ್ಥಾಪನೆಯಾದ ಪುಣೆಯ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯಕ್ಕೆ ಬರೆದು ಕೇಳುವುದು ಒಳ್ಳೆಯದು.

ಕಾಗದಪತ್ರಗಳು

ಟಾಕೀಸಿನ ಒಳಗೇ ಹುಟ್ಟಿದ ಕಾಗದಗಳಲ್ಲಿ ಎಲ್ಲಕ್ಕಿಂತ ಅಮೂಲ್ಯವಾದದ್ದು ಡಿ.ಸಿ.ಆರ್. ಎಂದು ಕರೆಯುತ್ತಿದ್ದ ದಿನದ ಗಳಿಕೆಯ ಪಟ್ಟಿ. ಯಾವ ಆಟಕ್ಕೆ, ಯಾವ ಕ್ಲಾಸಿನಲ್ಲಿ, ಎಷ್ಟನೆಯ ಸಂಖ್ಯೆಯಿಂದ ಎಷ್ಟನೆಯ ಸಂಖ್ಯೆಯವರೆಗೆ ಟಿಕೆಟ್ ಹರಿಯಿತು, ತೆರಿಗೆ ಎಷ್ಟು, ಹಂಚಿಕೆದಾರರ ಪಾಲು ಎಷ್ಟು ಎಂಬುದೆಲ್ಲ ಅದರಲ್ಲಿದ್ದು, ಹಂಚಿಕೆದಾರರು ಕಳುಹಿಸಿದ ಪ್ರತಿನಿಧಿಯ ಸಹಿಯೂ ಇರುತ್ತಿತ್ತು. ನಮ್ಮ ಊರಿನ ಟಾಕೀಸಿನ ಇಂತಹ ಪುಸ್ತಕಗಳಲ್ಲಿ ಹೆಚ್ಚಿನವು ರದ್ದಿಗೆ ಹೋಗಿದ್ದವು. ಉಳಿದ ಒಂದರಲ್ಲಿ ಜುಲೈ ತಿಂಗಳ ಒಂದು ಹಾಳೆಯನ್ನು ನಾನು ಬಹಳ ಹೊತ್ತು ನೋಡುತ್ತಾ ಕುಳಿತಿದ್ದೆ: ಸೆಕೆಂಡ್ ಶೋಗೆ ನೆಲದಲ್ಲಿ ಹನ್ನೊಂದು ಟಿಕೆಟ್, ಬೆಂಚಿನಲ್ಲಿ ನಾಲ್ಕು, ಕುರ್ಚಿಯಲ್ಲಿ ಸೊನ್ನೆ, ಅಂಚಿನಲ್ಲಿ ಸೀಸದಕಡ್ಡಿಯಿಂದ "ಮಳೆ. ಎರಡು ಸಲ ಕರೆಂಟ್ ಹೋಯಿತು. ಆಟ ಪೂರ್ತಿ ಮಾಡಿದೆ." ಹದಿನೈದು ಜನರಿಗಾಗಿ ಆಟವನ್ನು ಪೂರ್ತಿ ಮಾಡಿದ ಆ ರಾತ್ರಿಯನ್ನು ಬೇರೆ ಯಾವ ದಾಖಲೆಯೂ ನಮಗೆ ಹೇಳುತ್ತಿರಲಿಲ್ಲ. ಜಾತ್ರೆಯ ವಾರ, ಕೊಯ್ಲಿನ ತಿಂಗಳು, ಪರೀಕ್ಷೆಯ ದಿನಗಳು ಇವೆಲ್ಲ ಆ ಅಂಕಿಗಳ ಏರಿಳಿತದಲ್ಲಿ ಸ್ಪಷ್ಟವಾಗಿ ಕಾಣುತ್ತವೆ. ಟಿಕೆಟ್ ಪುಸ್ತಕಗಳು, ಜಾಹೀರಾತಿನ ಗಾಜಿನ ಸ್ಲೈಡುಗಳು, ಕರಪತ್ರಗಳು, ಇಂಟರ್ವಲ್‌ನಲ್ಲಿ ಮಾರುತ್ತಿದ್ದ ಹಾಡಿನ ಪುಸ್ತಕಗಳು, ಆಪರೇಟರುಗಳ ಪರವಾನಗಿ ಪತ್ರಗಳು ಮನೆಗಳ ಅಟ್ಟದಲ್ಲಿ ಸಿಗಬಹುದು. ಅವನ್ನು ಕೇಳಿ ಪಡೆದು, ಅಲ್ಲಿಯೇ ಫೋಟೋ ತೆಗೆದು, ಅಂದೇ ಹಿಂತಿರುಗಿಸಬೇಕು. "ಒಂದು ವಾರ ಇಟ್ಟುಕೊಂಡು ಕೊಡುತ್ತೇನೆ" ಎಂಬ ಮಾತಿನಿಂದ ಕಳೆದುಹೋದ ವಸ್ತುಗಳು ಲೆಕ್ಕವಿಲ್ಲದಷ್ಟಿವೆ.

ಸರ್ಕಾರದ ಕಡೆಯ ಕಾಗದಗಳಿಗೆ ಬಂದರೆ, 1964ರ ಕರ್ನಾಟಕ ಸಿನಿಮಾ (ನಿಯಂತ್ರಣ) ಅಧಿನಿಯಮ ಮತ್ತು ಅದರಡಿಯ 1971ರ ನಿಯಮಗಳ ಪ್ರಕಾರ ಪರವಾನಗಿ ಕೊಡುತ್ತಿದ್ದದ್ದು ಜಿಲ್ಲಾ ದಂಡಾಧಿಕಾರಿಗಳು. ಹೀಗಾಗಿ ಕಡತ ಇರಬೇಕಾದದ್ದು ಜಿಲ್ಲಾಧಿಕಾರಿಗಳ ಕಚೇರಿಯಲ್ಲಿ. ಪೊಲೀಸ್ ಆಯುಕ್ತರಿರುವ ನಗರಗಳಲ್ಲಿ ಅವರ ಕಚೇರಿಯಲ್ಲಿಯೂ ವಿಚಾರಿಸಬೇಕು. ಕಟ್ಟಡದ ನಕ್ಷೆ, ಆಸನಗಳ ಸಂಖ್ಯೆ, ವಿದ್ಯುತ್ ಪರಿವೀಕ್ಷಕರ ವರದಿ ಇವು ಅಂತಹ ಕಡತದಲ್ಲಿ ಸಿಗಬಹುದಾದವು. ಟಾಕೀಸು ಬೇಡವೆಂದು ನೆರೆಹೊರೆಯವರು ಬರೆದ ಆಕ್ಷೇಪಣೆಯ ಪತ್ರಗಳೇನಾದರೂ ಸಿಕ್ಕರೆ, ಆ ಕಾಲದ ಊರಿನ ಮನಸ್ಸೇ ಕೈಗೆ ಸಿಕ್ಕಂತೆ. ಮಾಹಿತಿ ಹಕ್ಕಿನಡಿ ಅರ್ಜಿ ಹಾಕುವುದಾದರೆ ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನಗಳ ಅವಧಿ. ಕರ್ನಾಟಕದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯವಿರಬೇಕು, ಅದು 150 ಪದಗಳನ್ನು ಮೀರಬಾರದು. "ಟಾಕೀಸಿನ ಎಲ್ಲ ದಾಖಲೆಗಳನ್ನು ಕೊಡಿ" ಎಂದು ಬರೆದರೆ ಏನೂ ಸಿಗುವುದಿಲ್ಲ. ಪರವಾನಗಿಯ ಕಡತಕ್ಕೆ ಒಂದು ಅರ್ಜಿ, ನಕ್ಷೆಗೆ ಇನ್ನೊಂದು ಅರ್ಜಿ ಎಂದು ಬಿಡಿಬಿಡಿಯಾಗಿ ಕೇಳಬೇಕು. ಕಡತವನ್ನು ನಾಶಪಡಿಸಲಾಗಿದೆ ಎಂಬ ಉತ್ತರ ಬಂದರೆ ನಾಶಪಡಿಸಿದ ಆದೇಶದ ಪ್ರತಿಯನ್ನು ಕೇಳಬಹುದು, ಕಡತದ ಸಂಖ್ಯೆಯೂ ವಿಷಯವೂ ಅದರಲ್ಲಾದರೂ ಉಳಿದಿರುತ್ತದೆ. ಜಾಗ ಯಾರಿಂದ ಯಾರಿಗೆ ಹೋಯಿತು ಎಂಬುದಕ್ಕೆ ಉಪನೋಂದಣಿ ಕಚೇರಿಯ ಋಣಭಾರ ಪ್ರಮಾಣಪತ್ರ ಸಾಕು.

1956ಕ್ಕಿಂತ ಹಿಂದಿನ ಟಾಕೀಸಾದರೆ ಅಂದಿನ ಆಡಳಿತ ಯಾವುದೆಂದು ಮೊದಲು ನೋಡಿಕೊಳ್ಳಬೇಕು. ಹುಬ್ಬಳ್ಳಿ, ಧಾರವಾಡ, ಬೆಳಗಾವಿ, ವಿಜಯಪುರ, ಕಾರವಾರಗಳು ಮುಂಬಯಿ ಪ್ರಾಂತದಲ್ಲಿದ್ದವು, ಮಂಗಳೂರು, ಕೊಳ್ಳೇಗಾಲಗಳು ಮದ್ರಾಸಿನಲ್ಲಿದ್ದವು, 1953ರವರೆಗೆ ಬಳ್ಳಾರಿಯೂ ಅಲ್ಲಿಯೇ ಇತ್ತು, ಕಲಬುರಗಿ, ಬೀದರ್, ರಾಯಚೂರುಗಳು ಹೈದರಾಬಾದಿನಲ್ಲಿದ್ದವು, ಕೊಡಗು ಪ್ರತ್ಯೇಕವಾಗಿತ್ತು. ಬೆಂಗಳೂರಿನ ರಾಜ್ಯ ಪತ್ರಾಗಾರದಲ್ಲಿ ಸಿಗದ ಕಾಗದ ಮುಂಬಯಿಯಲ್ಲಿಯೋ ಚೆನ್ನೈಯಲ್ಲಿಯೋ ಹೈದರಾಬಾದಿನಲ್ಲಿಯೋ ಇರಬಹುದು, ಹೈದರಾಬಾದಿನದ್ದು ಉರ್ದುವಿನಲ್ಲಿ ಇರಬಹುದು. ಪತ್ರಿಕೆಗಳಿಗೂ ಇದೇ ಮಾತು ಅನ್ವಯಿಸುತ್ತದೆ. ಪ್ರಜಾವಾಣಿ ಆರಂಭವಾದದ್ದು 1948ರಲ್ಲಿ, ಉದಯವಾಣಿ 1970ರಲ್ಲಿ. ಅದಕ್ಕಿಂತ ಹಿಂದಿನದಕ್ಕೆ ಆಯಾ ಸೀಮೆಯ ಹಳೆಯ ಪತ್ರಿಕೆಗಳನ್ನೇ ನೋಡಬೇಕು. ಸಿನಿಮಾ ಜಾಹೀರಾತಿನ ಪುಟದ ಜೊತೆಗೆ ಜಿಲ್ಲಾ ಸುದ್ದಿಯ ಪುಟವನ್ನೂ ಬಿಡದೆ ತಿರುವಬೇಕು, ಉದ್ಘಾಟನೆಯ ಸುದ್ದಿ ಸಿಗುವುದು ಅಲ್ಲಿ.

ಏಕೆ ಮುಚ್ಚಿತು ಎಂಬ ಪ್ರಶ್ನೆ

"ಟಿ.ವಿ. ಬಂತು, ಟಾಕೀಸು ಮುಚ್ಚಿತು" ಎಂದು ಒಂದು ಸಾಲಿನಲ್ಲಿ ಬರೆದು ಮುಗಿಸುವ ಬರಹಗಳನ್ನು ನಾನು ಒಪ್ಪುವುದಿಲ್ಲ. ಭಾನುವಾರ ಸಂಜೆಯ ದೂರದರ್ಶನದ ಚಿತ್ರ, ಎಂಬತ್ತರ ದಶಕದ ವಿಡಿಯೋ ಪಾರ್ಲರು, ತೊಂಬತ್ತರ ದಶಕದ ಕೇಬಲ್ಲು ಇವೆಲ್ಲ ಬಂದಮೇಲೂ ಹತ್ತಾರು ವರ್ಷ ನಡೆದ ಟಾಕೀಸುಗಳಿವೆ. ಬೆಂಗಳೂರಿನ ಫೋರಂ ಮಾಲ್‌ನಲ್ಲಿ 2004ರಲ್ಲಿ ಹನ್ನೊಂದು ಪರದೆಗಳ ಮಲ್ಟಿಪ್ಲೆಕ್ಸ್ ತೆರೆದದ್ದು ನಗರದ ಚಿತ್ರಮಂದಿರಗಳಿಗೆ ಹೊಡೆತ ಕೊಟ್ಟಿರಬಹುದು, ಹಳ್ಳಿಯ ಟೆಂಟಿಗೆ ಅದು ಕಾರಣವಲ್ಲ. 2005ರ ನಂತರ ಉಪಗ್ರಹದ ಮೂಲಕ ಡಿಜಿಟಲ್ ಪ್ರದರ್ಶನ ಬಂದು, ಕ್ರಮೇಣ ಫಿಲಂ ಪ್ರಿಂಟು ಬರುವುದೇ ನಿಂತಾಗ, ಹೊಸ ಯಂತ್ರಕ್ಕೆ ಹಣ ಹೂಡಬೇಕೋ ಬೇಡವೋ ಎಂಬ ಪ್ರಶ್ನೆ ಪ್ರತಿಯೊಬ್ಬ ಮಾಲೀಕರ ಮುಂದೆಯೂ ನಿಂತಿತು. ಅದೇ ಹೊತ್ತಿಗೆ ರಸ್ತೆ ಬದಿಯ ಜಾಗದ ಬೆಲೆ ಏರಿತ್ತು, ಅಣ್ಣತಮ್ಮಂದಿರ ನಡುವೆ ಪಾಲುಪಟ್ಟಿಯಾಗಿತ್ತು. ನಾನು ವಿಚಾರಿಸಿದ ಮಟ್ಟಿಗೆ ಎಲ್ಲರೂ ಹೇಳಲು ಹಿಂಜರಿಯುವ ಕಾರಣ ಈ ಪಾಲುಪಟ್ಟಿಯೇ. ಕೊನೆಯ ಮೂರು ವರ್ಷಗಳ ಗಳಿಕೆ, ಕೊನೆಯ ವಿದ್ಯುತ್ ಬಿಲ್ಲು, ಕೊನೆಯ ತಿಂಗಳ ಸಂಬಳ ಪಡೆದವರ ಸಂಖ್ಯೆ ಇಷ್ಟನ್ನು ಹುಡುಕಿದರೆ ಕಾರಣ ತಾನಾಗಿಯೇ ಸ್ಪಷ್ಟವಾಗುತ್ತದೆ. ಕೆಲಸ ಕಳೆದುಕೊಂಡವರು ಆಮೇಲೆ ಏನು ಮಾಡಿದರು ಎಂಬುದನ್ನು ಬರೆಯದೆ ಈ ಅಧ್ಯಾಯವನ್ನು ಮುಗಿಸಬಾರದು.

ಬರೆದು ಇಡುವುದು

ಬರೆಯುವಾಗ ನೆನಪು ಹೇಳಿದ್ದನ್ನೂ ಕಾಗದ ಹೇಳಿದ್ದನ್ನೂ ಬೇರೆ ಬೇರೆಯಾಗಿ ತೋರಿಸಬೇಕು. ಪರವಾನಗಿಯಲ್ಲಿ ಆಸನಗಳು 600 ಎಂದಿದ್ದು, ಗೇಟ್‌ಕೀಪರು "ಹಬ್ಬದ ದಿನ ಸಾವಿರ ಜನ ಕೂರಿಸ್ತಿದ್ವಿ" ಎಂದರೆ ಎರಡೂ ನಿಜವಾಗಿರಬಹುದು. ಒಂದನ್ನು ಅಳಿಸಿ ಇನ್ನೊಂದನ್ನು ಉಳಿಸುವ ಅಧಿಕಾರ ನಮಗಿಲ್ಲ. ಮಾತನಾಡಿದವರ ಭಾಷೆಯನ್ನು ಗ್ರಾಂಥಿಕಕ್ಕೆ ತಿರುಗಿಸದೆ, ಅವರ ಸೀಮೆಯ ಮಾತಿನಲ್ಲಿಯೇ ಉಳಿಸಬೇಕು.

ಹಳೆಯ ಫೋಟೋ, ಟಿಕೆಟ್, ಕರಪತ್ರಗಳನ್ನು 600 ಡಿ.ಪಿ.ಐ.ಗೆ (ಇಂಚಿಗೆ ಇಷ್ಟು ಚುಕ್ಕೆ ಎಂಬ ಅಳತೆ) ಕಡಿಮೆಯಿಲ್ಲದಂತೆ ಸ್ಕ್ಯಾನ್ ಮಾಡಿ, ಹಿಂಭಾಗದಲ್ಲಿ ಬರಹವಿದ್ದರೆ ಅದನ್ನೂ ಸ್ಕ್ಯಾನ್ ಮಾಡಬೇಕು. ಸ್ಕ್ಯಾನ್ ಮಾಡಿದ ಫೈಲಿನ ಹೆಸರಿನಲ್ಲಿಯೇ ವರ್ಷ, ವಸ್ತು, ಕೊಟ್ಟವರ ಗುರುತು ಇರಲಿ. ಮೂರು ಪ್ರತಿಗಳನ್ನು ಮೂರು ಕಡೆ ಇಡಬೇಕು, ಅವುಗಳಲ್ಲಿ ಒಂದಾದರೂ ಬೇರೆ ಊರಿನಲ್ಲಿರಬೇಕು. ಫೋಟೋಗಳನ್ನು ಅಂತರಜಾಲದಲ್ಲಿ ಹಾಕುವ ಮೊದಲು ತೆಗೆದವರ ಅಥವಾ ಅವರ ಮನೆಯವರ ಒಪ್ಪಿಗೆ ಪಡೆಯಬೇಕು, ಏಕೆಂದರೆ ನಮ್ಮ ಕಾಯಿದೆಯಲ್ಲಿ ಫೋಟೋದ ಹಕ್ಕು ಈಗ ತೆಗೆದವರು ತೀರಿಕೊಂಡ ಮೇಲೂ 60 ವರ್ಷ ಉಳಿಯುತ್ತದೆ.

ಬರಹ ಸಿದ್ಧವಾದ ಮೇಲೆ ಅಚ್ಚಿಗೆ ಕೊಡುವ ಮುನ್ನ, ಮಾತನಾಡಿದ ಪ್ರತಿಯೊಬ್ಬರ ಮನೆಗೂ ಹೋಗಿ ಅವರ ಭಾಗವನ್ನು ಗಟ್ಟಿಯಾಗಿ ಓದಿ ಹೇಳಬೇಕು. ಓದಲು ಬರುವವರಿಗೂ ಓದಿಯೇ ಹೇಳಬೇಕು. ಕಣ್ಣು ದಾಟಿ ಹೋದ ತಪ್ಪನ್ನು ಕಿವಿ ಹಿಡಿಯುತ್ತದೆ. ಒಂದು ಪ್ರತಿಯನ್ನು ಊರಿನ ಗ್ರಂಥಾಲಯಕ್ಕೂ ಒಂದನ್ನು ಟಾಕೀಸಿನ ಎದುರಿನ ಟೀ ಅಂಗಡಿಗೂ ಕೊಡಿ. ಅಂಗಡಿಗೆ ಕೊಡುವ ಪ್ರತಿಯ ಕೊನೆಯಲ್ಲಿ ಇಪ್ಪತ್ತು ಖಾಲಿ ಹಾಳೆಗಳನ್ನು ಸೇರಿಸಿ ಹೊಲಿಸಿ, ದಾರದಲ್ಲಿ ಒಂದು ಪೆನ್ನು ಕಟ್ಟಿ, ಮೂರು ತಿಂಗಳ ನಂತರ ಹೋಗಿ ನೋಡಿ. ನಮ್ಮ ಪುಸ್ತಕದ ಆ ಹಾಳೆಗಳಲ್ಲಿ ಹದಿನಾಲ್ಕು ತುಂಬಿದ್ದವು, ಉದ್ಘಾಟನೆಯ ಚಿತ್ರಕ್ಕೆ ಮೂರನೆಯ ಹೆಸರೊಂದೂ ಸೇರಿತ್ತು.